ಜಾತಕದ ಕಂಪ್ಯೂಟರಿಗೆ ಬಂದ ಜ್ವರ

ಇಲ್ಲ ತಂಬಿ, ಆ ಕಡೆಯಿಂದ ಬಿಚ್ಚಬೇಡ. ಆ ಕಡೆ ಸ್ಕ್ರೂಗೆ ನಮ್ಮತ್ತೆ ಅರಿಶಿನದ ದಾರ ಕಟ್ಟಿದ್ದಾರೆ. ಅದನ್ನ ಕತ್ತರಿಸೋಕೆ ಅವರ ಅಪ್ಪಣೆ ಬೇಕು, ಅವರು ಊಟ ಮಾಡಿ ಮಲಗಿದ್ದಾರೆ. ಈ ಕಡೆ ಬಾ. ತಾಳು, ಮೊದಲು ಇದರ ಲಂಗ ಬಿಚ್ಚಬೇಕು... ಲಂಗಾನೇ ಕಣಪ್ಪ, ಇನ್ನೇನಂತಾರೆ ಇದಕ್ಕೆ? ಅತ್ತೆ ಕದಿರಮ್ಮನವರು ಕೈಯಾರೆ ಹೊಲಿದಿರೋದು. ಹೊರಗೆ ಹಳೇ ಸೀರೆ, ಒಳಗೆ ದಪ್ಪ ಲೈನಿಂಗು, ಕೆಳಗೆ ಎಲಾಸ್ಟಿಕ್ಕು. ಚಿನ್ನದ ಗಣಿಯ ಸೈನೈಡ್ ಗುಡ್ಡದ ಧೂಳು ಸಿಪಿಯು ಒಳಗೆ ಹೋಗಬಾರದಲ್ಲ, ಅದಕ್ಕೆ. ನಿಜ ಹೇಳ್ತೀನಿ, ಒಂದು ಚೂರು ಧೂಳು ಹೋಗಲ್ಲ. ಗಾಳಿಯೂ ಹೋಗಲ್ಲ, ಅದು ಬೇರೆ ಮಾತು.

ನಗು ಯಾಕೆ? ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ನಗು ಬರುತ್ತಪ್ಪ. ಇಲ್ಲಿ ಕೋರಮಂಡಲ್‌ನಲ್ಲಿ ಒಂದು ಸಲ ಗಾಳಿ ಎದ್ದರೆ ಆ ಗುಡ್ಡ ಎದ್ದು ಬಂದು ನಮ್ಮ ಅನ್ನದ ತಟ್ಟೆಯಲ್ಲೇ ಕೂತ್ಕೊಳ್ಳುತ್ತೆ. ಚಿನ್ನ ಯಾರೋ ತಗೊಂಡು ಹೋದರು. ಗಸಿ ನಮಗೆ ಬಿಟ್ಟರು, ಒರೆಸ್ಕೊಂಡಿರಿ ಅಂತ. ಒರೆಸ್ತಾ ಇದ್ದೀವಿ.

ಬಂದವನು ನೀನೇ ಅಂತ ನೋಡಿ ನನಗೆ... ಖುಷಿಯೇ ಆಯ್ತು ಅನ್ನು. ನಮ್ಮ ಭಾವ 'ಬಂಗಾರಪೇಟೆಯಿಂದ ಒಳ್ಳೇ ಮೆಕಾನಿಕ್ ಕರೆಸಿವ್ನಿ' ಅಂದಾಗ ಯಾರೋ ಮೀಸೆ ಬಿಟ್ಟವನು ಬರ್ತಾನೆ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಸೆಲ್ವರಾಜು. ಹತ್ತನೇ ಕ್ಲಾಸಲ್ಲಿ ಇದೇ ಮನೆ ಜಗಲಿ ಮೇಲೆ ಕೂತು ಸುಕನ್ಯ ಮಿಸ್ ಹತ್ರ ವಿಜ್ಞಾನ ಹೇಳಿಸ್ಕೊಂಡವನು. ಆಗಲೂ ಹೀಗೇ ಇದ್ದೆ ನೀನು. ಗೊತ್ತಾಯ್ತಾ ಅಂದರೆ ಸುಮ್ಮನೆ, ಗೊತ್ತಾಗಲಿಲ್ವಾ ಅಂದರೂ ಸುಮ್ಮನೆ. ನಿಮ್ಮೂರ ಪಾನಿಪೂರಿ ನೀರಿನ ಥರ. ನೋಡೋಕೆ ಬರೀ ನೀರು, ಖಾರ ಎಷ್ಟಿದೆ ಅಂತ ಗಂಟಲಿಗೆ ಇಳಿದ ಮೇಲೇ ತಿಳಿಯೋದು.

ಏನಾಗಿದೆ ಅಂತ ಕಣ್ಣಲ್ಲೇ ಕೇಳ್ತೀಯಲ್ಲ, ಹೇಳ್ತೀನಿ. ಬಟನ್ ಒತ್ತಿದರೆ ಆನ್ ಆಗುತ್ತೆ. ಕೆಲಸ ಶುರು ಮಾಡಿದರೆ ಪ್ರೊಸೆಸರ್ ಕಾಯುತ್ತೆ, ಕಾಯುತ್ತೆ, ಆಮೇಲೆ ಟಪ್ ಅಂತ ಆಫ್. ಹೆಚ್ಚು ಬಿಸಿಯಾದರೆ ಸುಟ್ಟುಹೋಗದೆ ಇರಲಿ ಅಂತ ಅದು ತನ್ನಷ್ಟಕ್ಕೆ ತಾನೇ... ಹಾಗೇನೋ ಅಂತ ಅವರಿವರು ಅಂದಿದ್ದು ಕೇಳಿದೆ. ನಮಗೇನು ಗೊತ್ತಾಗುತ್ತಪ್ಪ ಇವೆಲ್ಲ, ಮನೇಲಿ ಸಾರು ಕುದಿಸೋರಿಗೆ.

ಮತ್ತೆ ನಗ್ತೀಯ. ಬಿ.ಎಸ್ಸಿ. ಓದಿದ್ದು ಯಾವ ಕಾಲದಲ್ಲಿ? ಆ ಫಿಸಿಕ್ಸೆಲ್ಲ ಒಗ್ಗರಣೆ ಜೊತೆ ಹಾರಿಹೋಯ್ತು.

ಕರೆಂಟಿನ ತೊಂದರೆ ಇರಬಹುದಾ? ಈ ಗಣಿ ಕ್ವಾರ್ಟರ್ಸ್ ವೈರಿಂಗ್ ನೋಡಿದ್ದೀಯಲ್ಲ. ವೋಲ್ಟೇಜ್ ಏರೋದು ಇಳಿಯೋದು... ಅಲ್ವಾ? ಸರಿ, ಅಲ್ಲ. ಆ ಪವರ್ ಸಪ್ಲೈ ಡಬ್ಬ ನೋಡು ಮೊದಲು. ಹೋದ ವರ್ಷ ಅದರಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು. ಜಾತಕ ಕೇಳೋಕೆ ಬಂದಿರಬೇಕು, ಮಕ್ಕಳದ್ದು.

ಆ ಬಿಳೀ ಪಟ್ಟೆಯಾ? ವಿಭೂತಿ. ಉಜ್ಜಬೇಡ, ಹೋಗಲ್ಲ ಅದು. ನಮ್ಮ ಯಜಮಾನರ ಕೈಗುಣ. ಕೋದಂಡಪ್ಪನವರನ್ನ ಮರೆತಿಲ್ಲ ತಾನೆ? ಹಗಲು ಎಣ್ಣೆ ಮಿಲ್ಲಲ್ಲಿ ಬಿಲ್ ಬರೀತಾರೆ, ಸಂಜೆ ಕಂಪ್ಯೂಟರಲ್ಲಿ ಜಾತಕ ಕೂಡಿಸ್ತಾರೆ. ಉರಿಗಾಂನಿಂದ ರಾಬರ್ಟ್‌ಸನ್‌ಪೇಟೆ ತನಕ ಹೆಸರಿದೆ. ಲೆಕ್ಕ ಎಲ್ಲ ಸಾಫ್ಟ್‌ವೇರ್ ಮಾಡುತ್ತೆ, ಗಾಂಭೀರ್ಯ ಇವರು ಒದಗಿಸ್ತಾರೆ. ಕೂರೋ ಮುಂಚೆ ಸ್ನಾನ, ಒಗೆದ ಪಂಚೆ, ತಮ್ಮ ಹಣೆಗೆ ಮೂರು ಪಟ್ಟೆ, ಸಿಪಿಯು ಹಣೆಗೆ ಮೂರು ಪಟ್ಟೆ. ಊದುಬತ್ತಿ ಹಚ್ಚಿ ಸರಿಯಾಗಿ ಫ್ಯಾನಿನ ಮೂಗಿಗೇ ಸಿಕ್ಕಿಸ್ತಾರೆ. ಪಾಪ, ಅದೂ ಭಕ್ತಿಯಿಂದ ಎಳೆದುಕೊಳ್ಳುತ್ತೆ. ಹತ್ತು ಬೆರಳೂ ಯಾವಾಗಲೂ ಬೆಳ್ಳಗೆ. ಕೀಬೋರ್ಡ್ ನೋಡು, ಯಾವ ಅಕ್ಷರ ಜಾಸ್ತಿ ಒತ್ತುತ್ತಾರೆ ಅಂತ ವಿಭೂತಿ ನೋಡೇ ಹೇಳಬಹುದು. ನನ್ನ ಸಕ್ಕರೆ ಡಬ್ಬದ ಮುಚ್ಚಳದ ಮೇಲೂ ಇದೆ. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ, ಇವರು ತಿಂದೇ ಇಲ್ಲ ಅಂತಾರೆ. ನಾನು ಪೊಲೀಸ್ ನಾಯಿ ಕರೆಸೋ ಅಗತ್ಯವೇ ಬಿದ್ದಿಲ್ಲ ಇವತ್ತಿನ ತನಕ.

ಇಷ್ಟಾದರೆ ಪರವಾಗಿರಲಿಲ್ಲ, ಇದರ ಜೊತೆಗೊಂದು ಶಾಸ್ತ್ರ. ಜಾತಕ ಕೂಡಿಸೋಕೆ ಕೂತ ಮೇಲೆ, ಪ್ರಿಂಟರಿಂದ ಕಾಗದ ಹೊರಗೆ ಬರೋ ಮುಂಚೆ ಕಂಪ್ಯೂಟರ್ ಆರಿದರೆ, ಅದು ಪೂಜೆ ನಡುವೆ ದೀಪ ಆರಿದ ಹಾಗಂತೆ. ಆ ಸಂಬಂಧ ಕೈಬಿಡಬೇಕಂತೆ. ಯಾವ ಗ್ರಂಥದಲ್ಲಿದೆ ಅಂತ ನನ್ನ ಕೇಳಬೇಡ. ಋಷಿಗಳ ಕಾಲದಲ್ಲಿ ಪ್ರಿಂಟರ್ ಇತ್ತೋ ಏನೋ. ಮುಂಚೆ ಇವರಿಗೂ ಈ ಶಾಸ್ತ್ರ ಗೊತ್ತಿರಲಿಲ್ಲ. ಕರೆಂಟ್ ಹೋದರೆ ಎದ್ದು ಕಾಫಿ ಕುಡಿದು ಬಂದು ಮತ್ತೆ ಶುರು ಮಾಡ್ತಿದ್ದರು. ಹೋದ ವರ್ಷ ಭಾವ ನಮ್ಮ ಮಗಳು ಚಂದನಂಗೆ ಮೊದಲನೇ ಗಂಡು ತಂದರಲ್ಲ, ಅವತ್ತು ಇದು ಈ ಲಂಗದೊಳಗೆ ಬೆಂದು ಬೆಂದು ತಾನಾಗೇ ಆರಿಹೋಯ್ತು. ಇವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ 'ಅಣ್ಣಾ, ದೀಪ ಆರಿತು' ಅಂದರು. ಅಷ್ಟೇ, ಶಾಸ್ತ್ರ ಹುಟ್ಟಿತು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಇಟ್ಕೊಂಡು ನಕ್ಕೆ. ಇಂಥ ಮೂಢನಂಬಿಕೆಯವರ ಜೊತೆ ಹೇಗಮ್ಮ ಸಂಸಾರ ಮಾಡ್ತೀಯ ಅಂತ ನನ್ನ ನಾನೇ ಕೇಳ್ಕೊಂಡೆ.

ಆದರೆ ಭಾವ ನಂಬಿದರು ನೋಡು. ಯಾರ ಮಾತಿಗೂ ಬಗ್ಗದ ದೊಡ್ಡವೆಂಕಟಪ್ಪನವರು ದೀಪಕ್ಕೆ ಬಗ್ಗಿದರು.

ಶ್... ಮೆಲ್ಲಗೆ. ನಿನಗಲ್ಲ, ನನಗೇ ಹೇಳ್ಕೊಂಡೆ. ಜಗಲಿಯಲ್ಲೇ ಕೂತಿದ್ದಾರೆ ಭಾವ. ಪಕ್ಕದಲ್ಲಿ ಇವರು, ಕೈಕಟ್ಟಿಕೊಂಡು. ಮಾವನವರು ಗಣಿಯೊಳಗೆ ಹೋದವರು ಮೇಲೆ ಬರಲಿಲ್ಲ, ಆಮೇಲೆ ತಮ್ಮನನ್ನ ಸಾಕಿದ್ದು ಓದಿಸಿದ್ದು ಎಲ್ಲ ಈ ಅಣ್ಣನೇ. ಅದಕ್ಕೆ ಅಣ್ಣ 'ಕೂತ್ಕೊ' ಅಂದರೆ ಇವರು ಕುರ್ಚಿ ಇದೆಯೋ ಇಲ್ಲವೋ ನೋಡಲ್ಲ. ಮದುವೆಯಾಗಿ ಬಂದಾಗಿನಿಂದ ನೋಡ್ತಿದ್ದೀನಿ, ಆ ಬಾಯಿಂದ ಅಣ್ಣನಿಗೆ 'ಇಲ್ಲ' ಅಂತ ಒಂದು ಮಾತು ಬಂದಿಲ್ಲ. ಬರೋದೂ ಇಲ್ಲ.

ಅದೇನು ಮಾಡ್ತಿದ್ದೀಯ? ಮಲಗಿಸ್ತೀಯಾ? ಮಲಗಿಸಲೇಬೇಕಾ ಅಂತ... ನಿಲ್ಲಿಸಿಯೇ ಸ್ವಲ್ಪ ಊದಿ, ಬ್ರಷ್ ಆಡಿಸಿದರೆ ಸಾಲಲ್ವಾ? ಕಾಫಿ ಕುಡಿದು ಮಾಡಬಹುದಲ್ಲ, ಏನವಸರ? ಸರಿ, ಮಲಗಿಸು. ನಿನ್ನ ಕೆಲಸ ನಿನಗೆ ಗೊತ್ತು.

ಗಂಡಿನ ಕಡೆಯವರು ನಾಲ್ಕು ಗಂಟೆಗೆ ಬರ್ತಾರೆ, ಭಾವ ಹೇಳಿರಬೇಕಲ್ಲ ಫೋನಲ್ಲೇ. ಮುಳಬಾಗಿಲು ಕಡೆಯವರು. ಅಕ್ಕಿ ಮಿಲ್ಲಿದೆ, ಎರಡು ಲಾರಿ ಇದೆ, ಹುಡುಗನ ಕುತ್ತಿಗೆಯಲ್ಲಿ ಹಗ್ಗದಂಥ ಸರ ಇದೆ. ಹುಡುಗಿ ಕೆಲಸಕ್ಕೆ ಹೋಗೋ ಅಗತ್ಯ ಇಲ್ಲ, ಮಿಲ್ಲಿನ ಮನೆ, ಕೂತು ಉಣ್ಣಬಹುದು ಅಂತಾರೆ. ಎಷ್ಟು ಧಾರಾಳ. ನಾಡಿದ್ದು ಅಮಾವಾಸ್ಯೆ, ಆಮೇಲೆ ಆಷಾಢ. ಅದಕ್ಕೆ ಇವತ್ತೇ ಜಾತಕ ನೋಡಿ ತಾಂಬೂಲ ಬದಲಾಯಿಸಿಬಿಡಬೇಕು ಅಂತ ಭಾವನ ಹಟ. ಇವತ್ತು ತಪ್ಪಿದರೆ ಒಂದು ತಿಂಗಳು ಯಾರೂ ಮದುವೆ ಮಾತೇ ಎತ್ತೋ ಹಾಗಿಲ್ಲ.

ಒಂದು ತಿಂಗಳು ಅಂದರೆ ಸಣ್ಣದಾ ತಂಬಿ? ನಮ್ಮ ಚಂದನ ಡಿಪ್ಲೊಮಾ ಮುಗಿಸಿದ್ದಾಳೆ, ಮೆಕ್ಯಾನಿಕಲ್. ರೈಲು ಓಡಿಸ್ತಾಳಂತೆ. ಚಿಕ್ಕೋಳಿದ್ದಾಗ ಮಾರಿಕುಪ್ಪಂ ಗಾಡಿ ನೋಡದೆ ಅನ್ನ ಉಣ್ಣುತ್ತಿರಲಿಲ್ಲ. ಆಮೇಲೆ ಅದೇ ಗಾಡೀನ ತಾನೇ ಓಡಿಸಬೇಕು ಅಂತ ಹಿಡಿದಳು. ಲೋಕೋ ಪೈಲಟ್ ಪರೀಕ್ಷೆ ಒಂದು ಸುತ್ತು ಪಾಸಾಗಿದ್ದಾಳೆ. ಎರಡನೇದು ಆಷಾಢದಲ್ಲೇ ಬೀಳುತ್ತೆ. ಭಾವನಿಗೆ ಹೇಳಿದರೆ, 'ಎಣ್ಣು ರೈಲು ಓಡ್ಸಿ ಯಾವೂರ್ಗೆ ಓಗ್ಬೇಕಮ್ಮಾ, ಗಂಡನ ಮನೆಗೆ ಕಾರಲ್ಲೇ ಓಗ್ಲಿ' ಅಂದರು. ತಾಂಬೂಲ ಆಗಿಹೋದರೆ ಆ ಮನೆಯವರು ಪರೀಕ್ಷೆಗೆ ಕಳಿಸ್ತಾರಾ? ಹಾಲ್ ಟಿಕೆಟ್ ಮಡಚಿ ಸೀರೆ ಮಧ್ಯೆ ಇಟ್ಟುಬಿಡ್ತಾಳೆ ಹುಡುಗಿ. ನನ್ನ ಎಂ.ಎಸ್ಸಿ. ಸೀಟಿನ ಕಾಗದ ಇನ್ನೂ ಹಾಗೇ ಇದೆ, ರೇಷ್ಮೆ ಸೀರೆ ಮಧ್ಯೆ. ಸೀರೆಗೆ ಹುಳ ಬಿತ್ತು, ಕಾಗದಕ್ಕೆ ಬೀಳಲಿಲ್ಲ. ಹುಳುಗಳಿಗೂ ಗೊತ್ತಾಗಿರಬೇಕು, ಅದರಲ್ಲಿ ಸತ್ವ ಇಲ್ಲ ಅಂತ.

ಇರಲಿ ಬಿಡು. ನಾನೇನು ಹೇಳ್ತಿದ್ದೆ... ಹ್ಞಾ, ಬೆಳಿಗ್ಗೆ. ಇವತ್ತು ಎಲ್ಲಿಗೂ ಕಳಿಸಬೇಡ ಅಂತ ಭಾವ ಹೇಳಿದ್ದರು. ಬ್ಲೌಸ್ ಹೊಲಿಯೋಕೆ ಕೊಟ್ಟಿದ್ದೀವಿ ಅಂತ ನೆಪ ಹೇಳಿ ಚಂದನನ್ನ ಬಂಗಾರಪೇಟೆ ಕೋಚಿಂಗಿಗೆ ನಾನೇ ಬಿಟ್ಟು ಬಂದೆ. ಬರುವಾಗ ರೈಲು ತಡ. ಬಂದು ಬಾಗಿಲು ತೆಗೀತೀನಿ, ಇವರು ಎದುರಿಗೇ ನಿಂತಿದ್ದಾರೆ. ಮುಖ ಇಷ್ಟು ಸಣ್ಣ ಮಾಡ್ಕೊಂಡು, 'ಇವತ್ತೇ ಇಷ್ಟು ತಡ ಮಾಡೋದಾ ಸುಕನ್ಯಾ' ಅಂತ. ಅಂದರೆ, ಹೊಟ್ಟೆ ಹಸಿದಿದೆ ಅಂತ ಅರ್ಥ. ಉಪ್ಪಿಟ್ಟು ಮುಚ್ಚಿಟ್ಟು ಹೋಗಿದ್ದೆ, ಬಡಿಸ್ಕೊಳ್ಳೋಕೆ ಕೈಯಿಲ್ಲ. ಇವರು ಬಚ್ಚಲಿಗೆ ಹೋದರು, ನಾನು ಇಲ್ಲಿ ಸ್ವಲ್ಪ... ಧೂಳು ಒರೆಸಿದೆ. ಅಷ್ಟರಲ್ಲಿ ಭಾವ ಬಂದೇಬಿಟ್ಟರು, ಹೇಳಿದ್ದಕ್ಕಿಂತ ಎಷ್ಟೋ ಮೊದಲು. 'ಒಂದ್ಸಲ ಆನ್ ಮಾಡ್ಲಾ ಕೋದಂಡ, ನೋಡ್ಬುಡಾನ' ಅಂದರು. ಆನ್ ಮಾಡಿದರೆ, ಪರದೆ ಮೇಲೆ ಗಣಪತಿ ಚಿತ್ರ ಪೂರ್ತಿ ಬರೋ ಮುಂಚೆಯೇ ಟಪ್. ಬೇರೆ ದಿನ ಕಾಲು ಗಂಟೆಯಾದರೂ ತಡೀತಿತ್ತು. ಲಗ್ನ, ರಾಶಿ, ಅಷ್ಟಕೂಟದ ತನಕ ಹೋಗಿ ನಿಲ್ಲೋದು. ಇವತ್ತು ಯಾಕೆ ಗಣಪತಿಗೇ ನಿಂತಿತು ಅಂತ ನನಗೂ ಅರ್ಥ ಆಗ್ತಿಲ್ಲ, ನಿಜವಾಗಲೂ.

ಅದನ್ನ ನೋಡಿ ಭಾವನ ತಲೆ ಓಡಿಬಿಟ್ಟಿತು. 'ಜಾತ್ಕ ಆಕೋಕ್ ಮುಂಚೇನೇ ಆರೋಯ್ತಲ್ಲ, ಇದ್ಯಾವ ದೀಪಾನೋ. ಮಿಷಿನ್ನೇ ಕೆಟ್ಟೈತೆ' ಅಂತ ನಿನಗೆ ಫೋನು. ಮೂರನೇ ಸಂಬಂಧಕ್ಕೆ ಬಂದ ಜ್ಞಾನೋದಯ.

ಆನ್ ಮಾಡಿದೆಯಾ? ಫ್ಯಾನ್ ತಿರುಗ್ತಿದೆ ನೋಡು, ಚೆನ್ನಾಗೇ ತಿರುಗ್ತಿದೆ. ಹಾಗಾದರೆ ಅದರ ಕೆಳಗಿರೋದೆಲ್ಲ ಸರಿಯಾಗೇ ಇದೆ ಅಂತ ಲೆಕ್ಕ. ಅಗೋ, ಮತ್ತೆ ಟಪ್. ಆ ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕು, ಎಲ್ಲರೂ ಹಾಗೇ ಮಾಡ್ತಾರೆ... ಬೇಡ ಬೇಡ, ಫ್ಯಾನ್ ಕೆಳಗಿನ ಆ ಲೋಹದ ಗಟ್ಟಿ, ಹೀಟ್ ಸಿಂಕ್, ಮುಟ್ಟಬೇಡ, ಸುಡುತ್ತೆ. ಈಗ ತಾನೇ ಆಫ್ ಆಗಿರೋದು ಅದು. ಕೈ ತೆಗಿ ಅಂದೆ.

ಸುಡ್ತಿಲ್ವಾ?

ತಣ್ಣಗಿದೆಯಾ. ಒಳ್ಳೇದಾಯ್ತಲ್ಲ. ತಣ್ಣಗಿದ್ದರೆ ಒಳ್ಳೇದು ತಾನೆ? ಬಿಸಿಯಾಗಬಾರದು ಅಂತಾನೇ ನಿನ್ನ ಕರೆಸಿರೋದು.

ಯಾಕೆ ಹಾಗೆ ನೋಡ್ತೀಯ?

ಗೊತ್ತಪ್ಪ, ಗೊತ್ತು. ಪ್ರೊಸೆಸರ್ ಕುದೀತಿರುವಾಗ ಅದರ ಶಾಖ ಎಳ್ಕೊಬೇಕಾದ ಮೇಲಿನ ಹೀಟ್ ಸಿಂಕ್ ತಣ್ಣಗೆ ಕೂತಿದೆ ಅಂದರೆ, ಶಾಖ ಕೆಳಗಿಂದ ಮೇಲಕ್ಕೆ ದಾಟ್ತಿಲ್ಲ ಅಂತ. ಒಂದಕ್ಕೊಂದು ತಗಲ್ತಿಲ್ಲ ಅಂತ. ಉಷ್ಣದ ವಹನ. ತಾಮ್ರದ ಕಡ್ಡಿಗೆ ಮೇಣ ಅಂಟಿಸಿ ದೀಪಕ್ಕೆ ಹಿಡಿದು ತೋರಿಸಿದ್ದು ನಾನೇ, ಇದೇ ಜಗಲಿಯಲ್ಲಿ. ಮೂರು ಸಲ ಹೇಳಿಕೊಟ್ಟೆ ನಿನಗೆ. ಅವತ್ತು ಗೋಡೆ ನೋಡ್ತಾ ಕೂತಿದ್ದೆ, ಇವತ್ತು ನೆನಪು ಬಂತಾ? ಬೇರೆ ಪಾಠ ಸಿಗಲಿಲ್ವಾ ನಿನಗೆ ನೆನಪಿಟ್ಟುಕೊಳ್ಳೋಕೆ? ಬಲ ಇತ್ತು, ಬೆಳಕು ಇತ್ತು, ಹೂವಿನ ಭಾಗಗಳಿದ್ದವು...

ಸೆಲ್ವ, ಎತ್ತಬೇಡ ಅದನ್ನ.

ಎತ್ತಿಬಿಟ್ಟೆ. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ, ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಬಂತು ಕೈಗೆ.

ಏನಾದರೂ ಹೇಳು. 'ಮಿಸ್, ಇದನ್ನ ಹಿಡಿದಿಡೋ ಪಿನ್ನು ತಾನಾಗೇ ಸಡಿಲ ಆಗಿದೆ' ಅನ್ನು. ಹೇಳಲ್ಲ. ತಾನಾಗೇ ಸಡಿಲ ಆಗೋ ಪಿನ್ನಲ್ಲ ಅದು, ಬಾಣದ ಗುರುತು ಇರೋ ಕಡೆಗೆ ತಿರುಗಿಸಿ ಮೇಲಕ್ಕೆ ಎಳೀಬೇಕು. ಬಳೆ ಸಿಕ್ಕಿಕೊಳ್ಳದ ಹಾಗೆ ಕೈ ಓರೆ ಮಾಡಬೇಕು. ಹಾಗೆ ನೋಡಬೇಡ. ಆಯ್ತು, ನಾನೇ. ಮೊದಲನೇ ಸಂಬಂಧ ಅದರಷ್ಟಕ್ಕೆ ಆರಿಹೋಗಿದ್ದು, ಆಣೆಯಾಗಿಯೂ. ಎರಡನೇದು ನಾನು. ಇವತ್ತಿಂದೂ ನಾನು. ಗಂಡಿನವರು ಬರೋ ಮುಂಚೆ ಎರಡು ಪಿನ್ನು ಮೇಲಕ್ಕೆ, ಹೋದ ಮೇಲೆ ಎರಡು ಪಿನ್ನು ಕೆಳಕ್ಕೆ. ಇನ್ನೇನು ಮಾಡಬೇಕಿತ್ತು ಹೇಳು? ಭಾವನ ಮುಂದೆ ನಾನು ಬಾಯಿ ಬಿಟ್ಟರೆ 'ಓದಿದ್ ಎಂಗ್ಸು' ಅಂತಾರೆ. ನನ್ನ ಗಂಡ ಬಾಯಿ ಬಿಡಲ್ಲ. ಈ ಮನೆಯಲ್ಲಿ 'ಇನ್ನು ಸಾಕು, ನನ್ನ ಕೈಲಾಗಲ್ಲ' ಅಂತ ಹೇಳಿ ಕಣ್ಣು ಮುಚ್ಚೋ ಧೈರ್ಯ ಇರೋದು ಈ ಪ್ರೊಸೆಸರ್ ಒಂದಕ್ಕೇ. ಅದಕ್ಕೇ ಸ್ವಲ್ಪ ಸಹಾಯ ಮಾಡಿದೆ.

ಈಗ ಹೊರಗೆ ಹೋಗಿ ಹೇಳ್ತೀಯಾ? ಹೇಳು. ಕರೆಸಿದವರು ಅವರು.

ಮತ್ತೆ ಯಾಕೆ ಕೂತಿದ್ದೀಯ? ಏನು ತೋರಿಸ್ತಿದ್ದೀಯ? ಪಿನ್ನು, ಗೊತ್ತು. ನಾನೇ ಒಪ್ಪಿಕೊಂಡೆನಲ್ಲ, ಇನ್ನು ಎಣಿಸಿ ಬೇರೆ ತೋರಿಸಬೇಕಾ... ಮೇಲಿನವೆರಡು ಹೌದು, ನನ್ನವೇ. ಕೆಳಗಿನವೆರಡು ಬಿಗಿಯಾಗಿರ್ತವೆ, ಅಲ್ಲಿಗೆ ನನ್ನ ಬಳೆ ಕೈ ಹೋಗಲ್ಲ.

ಅವೂ ಮೇಲೆ ಬಂದಿವೆಯಾ?

ನಾನಲ್ಲ. ನಿಜವಾಗಲೂ ತಂಬಿ, ಅವು ನಾನಲ್ಲ. ಇಷ್ಟು ಹೇಳಿದವಳು ಅದೊಂದಕ್ಕೆ ಸುಳ್ಳು ಹೇಳ್ತೀನಾ? ಎರಡು ಸಡಿಲ ಮಾಡಿದರೆ ಕಾಲು ಗಂಟೆ ತಡೆಯುತ್ತೆ. ನಾಲ್ಕೂ ಸಡಿಲ ಆದರೆ... ಹ್ಞೂ. ಗಣಪತಿಗೇ ನಿಲ್ಲುತ್ತೆ.

ಆ ಪಿನ್ನು ಮುಟ್ಟಿದ ನಿನ್ನ ಬೆರಳಿಗೇನದು ಬೆಳ್ಳಗೆ? ಪ್ರೊಸೆಸರ್ ಮೇಲೆ ಹಚ್ಚೋ ಪೇಸ್ಟ್ ಇರಬೇಕು. ಎಲ್ಲಿ, ಕೊಡಿಲ್ಲಿ ಕೈ.

ಪೇಸ್ಟ್ ಹೀಗೆ ಉದುರಲ್ಲ ಅಲ್ವಾ.

ವಿಭೂತಿ ವಾಸನೆನೂ ಇರಲ್ಲ.

...

ಬೆಳಿಗ್ಗೆ ನಾನು ಬರೋ ಮುಂಚೆ, ಇವರೇ. ರೈಲು ತಡ ಆಯ್ತಲ್ಲ, ಇವಳು ಹೊತ್ತಿಗೆ ಬರ್ತಾಳೋ ಇಲ್ಲವೋ ಅಂತ... ಅಂದರೆ ಗೊತ್ತಿತ್ತು. ಎರಡನೇ ಸಲವೇ ಗೊತ್ತಿತ್ತು. ನಾನು ಮಾಡಿದ್ದು ನೋಡಿಕೊಂಡು, ನೋಡಿಲ್ಲದವರ ಹಾಗೆ ಕಣ್ಣು ಮುಚ್ಚಿ 'ಅಣ್ಣಾ, ದೀಪ ಆರಿತು' ಅಂತ... ಆ ಶಾಸ್ತ್ರ ಎಲ್ಲಿಂದ ಬಂತು ಅಂತ ಒಂದು ದಿನ ನಾನು ಕೂತು ಯೋಚಿಸಿದವಳಲ್ಲ. ಬಾಯಿಗೆ ಸೆರಗು ಇಟ್ಕೊಂಡು ನಗೋದರಲ್ಲೇ ಇದ್ದೆ.

'ಇವತ್ತೇ ಇಷ್ಟು ತಡ ಮಾಡೋದಾ ಸುಕನ್ಯಾ.' ನಾನು ಉಪ್ಪಿಟ್ಟಿಗೆ ಅಂದುಕೊಂಡೆ.

ನೋಡು, ಉಪ್ಪಿಟ್ಟು ಹಾಗೇ ಇದೆ ಅಲ್ಲಿ, ಮುಚ್ಚಳ ಕೂಡ ತೆಗೆದಿಲ್ಲ.

ಬಾಗಿಲ ಕಡೆ ಯಾಕೆ ನೋಡ್ತೀಯ? ಬಂದಿದ್ದಾರಾ? ...ಹ್ಞಾ, ಏನ್ರೀ? ಹೌದು, ಬಿಚ್ಚಿದ್ದಾನೆ. ಧೂಳು ಜಾಸ್ತಿ ಇತ್ತಂತೆ. ಆಗುತ್ತಂತೆ, ಆಗುತ್ತೆ, ನೀವು ಹೋಗಿ ಕೂತ್ಕೊಳ್ಳಿ, ಅಣ್ಣನ ಜೊತೆ. ಬರ್ತಾ ಉಪ್ಪಿಟ್ಟು ಬಿಸಿ ಮಾಡಿ ತರ್ತೀನಿ.

ಹೋದರಾ? ಮುಖ ನೋಡಿದೆಯಾ ಹೇಗಿತ್ತು. ಸಕ್ಕರೆ ಡಬ್ಬದ ಮುಂದೆ ಸಿಕ್ಕಿಬಿದ್ದಾಗಲೂ ಥೇಟ್ ಅದೇ ಮುಖ.

ತಗೋ, ಕೂರಿಸು ಅದನ್ನ ವಾಪಸ್. ಹೊಸ ಪೇಸ್ಟ್ ಹಚ್ಚಬೇಡ. ಮೇಲಿನ ಎರಡು ಪಿನ್ನು ಗಟ್ಟಿಯಾಗಿ ಒತ್ತಿಬಿಡು, ಟಕ್ ಅನ್ನೋ ತನಕ. ಹ್ಞಾ, ಹಾಗೆ. ಇನ್ನೊಂದು... ಸರಿ.

ಅಲ್ಲಿಗೆ ಸಾಕು, ಅಷ್ಟಕೂಟದ ತನಕ ಹೋಗಿ ಆರುತ್ತೆ. ಕೆಳಗಿನವೆರಡನ್ನ ಮುಟ್ಟಬೇಡ.

ನನ್ನವು ಇಳೀಲಿ ತಂಬಿ. ಇವತ್ತು ಅವರದ್ದೇ ನಡೀಲಿ.